ಒಳಗಿನ ಹಾನಿ ಕಂಡುಬಂದಿಲ್ಲ

ನಮ್ಮ ಮನೆಗೆ ವಿಮೆ ಇತ್ತು ಎಂಬುದು ನಮಗೆ ಗೊತ್ತಾದದ್ದು ಅದು ಬಿದ್ದ ಮೇಲೆ.

ತೊಂಬತ್ತಮೂರರ ಭೂಕಂಪ ಕಿಲ್ಲಾರಿಯ ಕಡೆ ಊರುಗಳನ್ನೇ ನುಂಗಿತು. ನಮ್ಮ ಊರು ಅಕ್ಕಲಕೋಟೆಗೆ ಬರುವಷ್ಟರಲ್ಲಿ ಅದಕ್ಕೂ ದಣಿವಾಗಿತ್ತು. ಕೈಗೆ ಸಿಕ್ಕಷ್ಟು ಕೆಡವಿ ಹೋಯಿತು. ಪೇಪರಿನವರು ಕಿಲ್ಲಾರಿಗೆ ಹೋದರು. ಮಂತ್ರಿಗಳು ಹೋದರು. ಬಿಸ್ಕೀಟು, ಕಂಬಳಿ ತುಂಬಿದ ಲಾರಿಗಳು ಸೊಲ್ಲಾಪುರದಿಂದ ನೆಟ್ಟಗೆ ಆ ಕಡೆಗೇ ಹೋದವು. ಅದರಲ್ಲಿ ತಪ್ಪೇನಿಲ್ಲ. ಅಲ್ಲಿ ಹೆಣಗಳಿದ್ದವು. ನಮ್ಮ ಓಣಿಯಲ್ಲಿ ಬರೇ ಗೋಡೆಗಳು ಬಿದ್ದಿದ್ದವು.

ಬಿದ್ದ ಮನೆ ನೋಡಲು ಮೊದಲು ಬಂದವನು ಬ್ಯಾಂಕಿನ ಸಿದ್ರಾಮ. ಸೈಕಲ್ಲನ್ನು ಓಣಿಯ ಬಾಯಿಯಲ್ಲೇ ನಿಲ್ಲಿಸಿ, ಅವ್ವನನ್ನು ಕರೆದ.

“ಏನ್ ತುಳಜಾಬಾಯಿ, ಗ್ವಾಡಿ ಬಿದ್ದಾವಂತಲ್ಲ.”

“ಬಿದ್ದಾವ್ರಿ.”

“ಒಟ್ಟ ನಿಂತದ್ದು ಏನೇನೈತಿ?”

“ನಾನು ನಿಂತೀನಿ. ನನ್ನ ಮಗಳು ನಿಂತಾಳ.”

ಸಿದ್ರಾಮ ನಗಲಿಲ್ಲ. ತಗಡು ಹೊದಿಸಲು ನಾವು ತಂದಿದ್ದ ಸಾಲಕ್ಕೆ ಆ ಮನೆಯೇ ಒತ್ತೆ. ತನ್ನ ಒತ್ತೆ ಜೀವಂತ ಇದೆಯೋ ಇಲ್ಲವೋ ಎಂದು ನೋಡಲು ಬ್ಯಾಂಕು ಅವನನ್ನು ಕಳಿಸಿತ್ತು. ಆಗ ಅವನು ಬಾಯಿ ಬಿಟ್ಟ. ಬ್ಯಾಂಕು ವರ್ಷ ವರ್ಷ ನಮ್ಮ ಕಂತಿನಿಂದಲೇ ಹಣ ಮುರಿದು ಮನೆಗೆ ವಿಮೆ ಇಳಿಸುತ್ತಿತ್ತಂತೆ. ಭೂಕಂಪವೂ ಅದರಲ್ಲಿ ಸೇರಿತ್ತಂತೆ.

“ನಮಗ್ಯಾಕ ಹೇಳಿಲ್ಲರಿ?”

“ಹೇಳೂದಲ್ಲ ಅದು. ಪದ್ಧತಿ.”

ನಾವು ಮಾದಿಗರು. ಮರಾಠಿಯಲ್ಲಿ ನಮ್ಮ ಓಣಿಗೆ ಮಾಂಗವಾಡಾ ಅನ್ನುತ್ತಾರೆ. ಕನ್ನಡ ಮಾತಾಡುವ ದೊಡ್ಡ ಮನೆಗಳವರು ಹೆಸರು ಹೇಳುವುದಿಲ್ಲ. ‘ಆ ಕಡೆ’ ಅನ್ನುತ್ತಾರೆ. ಹೇಳದೆ ಬಿಟ್ಟ ಹೆಸರು ಬೈಗುಳಕ್ಕಿಂತ ಹೆಚ್ಚು ದಿನ ಬಾಳುತ್ತದೆ. ನಾನು ಸೊಲ್ಲಾಪುರದಲ್ಲಿ ಬಿ.ಎ. ಮಾಡಿದೆ. ಕೆಲಸ ಸಿಗಲಿಲ್ಲ. ಓಣಿಗೆ ಬರುವ ಸರಕಾರಿ ಕಾಗದ ಓದಿ ಹೇಳುವ ಕೆಲಸವನ್ನು ಓಣಿಯವರೇ ಕೊಟ್ಟರು. ಪಗಾರವಿಲ್ಲ. ಆದರೆ ಎಲ್ಲರೂ ನನ್ನನ್ನು ‘ಮುಕ್ತಾ ಮೇಡಂ’ ಅನ್ನುತ್ತಿದ್ದರು, ಅರ್ಧ ಗೌರವದಿಂದ, ಅರ್ಧ ಚೇಷ್ಟೆಯಿಂದ.

ಅವ್ವ ಬಿಗಾರಿ. ಅಂದರೆ ಗೌಂಡಿಗೆ ಕಲ್ಲು, ಮಣ್ಣು, ಗಾರೆ ಹೊತ್ತು ಕೊಡುವಾಕೆ. ಅವ್ವನ ನೆತ್ತಿಯ ನಡುವೆ ಕೂದಲಿಲ್ಲ. ಅಲ್ಲಿ ಬುಟ್ಟಿಯ ಕೆಳಗಿನ ಬಟ್ಟೆಯ ಸಿಂಬಿ ಕೂರುತ್ತದೆ. ಗೌಂಡಿ ಕಲ್ಲನ್ನು ತಿರುಗಿಸಿ ನೋಡುತ್ತಾನೆ. ಮುಖ ಸರಿ ಇಲ್ಲದ ಕಲ್ಲನ್ನು ಪಕ್ಕಕ್ಕೆ ಎಸೆಯುತ್ತಾನೆ. ಹಾಗೆ ಎಸೆದದ್ದನ್ನು ಸಂಜೆ ಬಿಗಾರಿಗಳು ಒಯ್ಯಬಹುದು. ನಮ್ಮ ಕಡೆ ಮೊದಲಿನಿಂದ ಬಂದ ರೂಢಿ ಇದು. ಅವ್ವ ಮದುವೆಯಾಗಿ ಬಂದಾಗಿನಿಂದ ಖಾಲಿ ಬುಟ್ಟಿ ಹೊತ್ತು ಮನೆಗೆ ಬಂದದ್ದೇ ಇಲ್ಲ. ಊರಿನ ಒಳ್ಳೆಯ ಮನೆಗಳು ಬೇಡವೆಂದ ಕಲ್ಲುಗಳನ್ನೆಲ್ಲ ಅಪ್ಪ ಸೇರಿಸಿ ನಮ್ಮ ಮನೆ ಕಟ್ಟಿದ. ಎರಡು ಕೋಣೆ. ಓಣಿಯಿಂದ ಬಾಗಿಲು ದಾಟಿದರೆ ಅಡುಗೆಯ ಕೋಣೆ. ನಡುವೆ ಒಂದು ಗೋಡೆ. ಅದರಾಚೆ ಮಲಗುವ ಕೋಣೆ. ಕಟ್ಟಿ ಮುಗಿಸಿದ ಕೆಲವು ವರ್ಷಕ್ಕೆ ಅಪ್ಪ ತೀರಿಕೊಂಡ.

ಭೂಕಂಪಕ್ಕೆ ನಡುವಿನ ಗೋಡೆ ಪೂರ್ತಿ ಕುಸಿಯಿತು. ಹಿಂದಿನ ಗೋಡೆ ಹೊಟ್ಟೆ ಬಿಟ್ಟಿತು. ತಗಡು ಮಡಚಿಕೊಂಡು ಮಲಗುವ ಕೋಣೆಯೊಳಗೆ ಬಿತ್ತು. ಆದರೆ ಓಣಿಗೆ ಕಾಣುವ ಮುಂದಿನ ಗೋಡೆ ಮಾತ್ರ, ಬಾಗಿಲ ಸಮೇತ, ಏನೂ ಆಗದವರ ಹಾಗೆ ನಿಂತಿತ್ತು. ಬಡವರ ಮನೆಯ ಮಾನ ಹೀಗೆಯೇ. ಹೊರಗೆ ನೆಟ್ಟಗೆ ನಿಂತಿರುತ್ತದೆ.

ಚಳಿಗಾಲ ಹತ್ತಿರ ಬರುತ್ತಿತ್ತು. ನಾವಿಬ್ಬರೂ ಓಣಿಯ ಸಮಾಜ ಮಂದಿರದ ಕಟ್ಟೆಯ ಮೇಲೆ ಮಲಗುತ್ತಿದ್ದೆವು. ಗಂಡಸರು ಇಸ್ಪೀಟು ಆಡುವ ಕಟ್ಟೆ ಅದು.

ಹಗಲು ನಮಗೆ ಬೇರೆ ಮನೆ ಇತ್ತು. ಕಲ್ಯಾಣಪ್ಪ ಸಾವ್ಕಾರರ ವಾಡೆ. ಅವರದು ಕಾಳಿನ ವ್ಯಾಪಾರ, ಸೊಲ್ಲಾಪುರದಲ್ಲೂ ಅಂಗಡಿ. ವಾಡೆಯ ಒಂದು ಮಗ್ಗುಲು ಬಿದ್ದಿತ್ತು. ಮಾಳಿಗೆಯ ಮಣ್ಣು ಹೊರಹಾಕಲು ಅವ್ವನನ್ನು ಕರೆದರು. ನಾನೂ ಹೋದೆ. ಪದವಿ ಇದ್ದವರು ಬುಟ್ಟಿ ಹೊರಬಾರದೆಂದು ಯಾವ ವಿಶ್ವವಿದ್ಯಾಲಯವೂ ಹೇಳಿಲ್ಲ.

ವಿಮೆಯ ಸರ್ವೇಯರ್ ಪ್ರಹ್ಲಾದರಾಯರು ಸೊಲ್ಲಾಪುರದಿಂದ ಬಂದದ್ದು ಅಲ್ಲಿಗೆ. ತೆಳ್ಳಗಿನ ಮನುಷ್ಯ. ಮೆಲ್ಲಗೆ ಮಾತು. ಬಿದ್ದ ಮನೆಗೆ ಬೆಲೆ ಕಟ್ಟುವುದು ಅವರ ಕಸುಬು. ಅವರು ಬರೆದಷ್ಟನ್ನು ಕಂಪನಿ ಕೊಡುತ್ತದೆ. ಸಾವ್ಕಾರರು ಅವರಿಗೆ ಮೊದಲು ಅವಲಕ್ಕಿ ಕೊಟ್ಟರು, ಆಮೇಲೆ ಚಹಾ, ಆಮೇಲೆ ಕಂಬ ತೋರಿಸಿದರು.

“ರಾಯರ, ಇದು ನಮ್ಮ ಮುತ್ಯಾನ ಕಾಲದ್ದು. ಬರ್ಮಾ ಸಾಗವಾನಿ.”

ರಾಯರು ಮುರಿದ ಕಂಬದ ಮೇಲೆ ಕೈಯಾಡಿಸಿದರು. “ಇಂಥಾದ್ದು ಈಗೆಲ್ಲಿ ಸಿಗತದ್ರಿ?”

“ಸಿಗೂದಿಲ್ಲ. ಹಳೇದು ಅಂತ ನೀವು ಕಡಿಮಿ ಹಿಡಿದಗಿಡದೀರಿ.”

“ಛೇ. ನಿಮ್ಮ ಪಾಲಿಸಿನ ಬ್ಯಾರೆ ಅದ. ಇವತ್ತ ಹೊಸಾದು ನಿಂದ್ರಸಬೇಕಂದ್ರ ಏನ ಖರ್ಚ ಬೀಳತದೊ ಅದನ್ನ ಹಿಡಿಯೂದು. ಸಿಗದ ಮಾಲಿಗೆ ದರ ಜಾಸ್ತಿನ ಆಗತದಲ್ರಿ.”

ರಾಯರು ಎಲ್ಲ ಕೋಣೆಗೂ ಹೋದರು. ದೇವರ ಮನೆ, ಉಗ್ರಾಣ, ಬಾಣಂತಿ ಕೋಣೆ. ಗೋಡೆಯ ಸಣ್ಣ ಬಿರುಕಿಗೂ ಕಣ್ಣು ಹಚ್ಚಿ ನೋಡಿದರು. ಗಿಲಾವಿನಲ್ಲಿ ಕೊರೆದ ಒಂದು ಹೂಬಳ್ಳಿ ಮುರಿದಿತ್ತು. ಅಂಥದ್ದನ್ನು ಮಾಡುವವರು ಈಗ ಇಲ್ಲ ಎಂದು ಅದಕ್ಕೂ ಒಂದು ಬೆಲೆ ಬರೆದರು.

“ಮಣ್ಣ ತಗಿಯೂ ಕೂಲಿ?” ಎಂದು ಕೇಳಿದರು.

ಸಾವ್ಕಾರರು ನಮ್ಮ ಕಡೆ ನೋಡಿ, ಮರಾಠಿಯಲ್ಲಿ ಒಂದು ದರ ಹೇಳಿದರು. ನಮಗೆ ಕೊಡುತ್ತಿದ್ದದ್ದರ ಇಮ್ಮಡಿಗಿಂತ ಹೆಚ್ಚಿತ್ತು ಅದು. ಅವ್ವ ಬುಟ್ಟಿ ಹೊತ್ತು ಅಲ್ಲೇ ಹಾದುಹೋಗುತ್ತಿದ್ದಳು. ಅವ್ವನಿಗೆ ಓದು ಬರುವುದಿಲ್ಲ, ಮರಾಠಿ ಬರುತ್ತದೆ. ನಿಲ್ಲಲಿಲ್ಲ. ಕಾಗದದ ಮೇಲೆ ಆ ದಿನ ಅವ್ವನ ಪಗಾರ ಏರಿತು.

ಬುಟ್ಟಿ ಚೆಲ್ಲಿ ಬಂದ ಮೇಲೆ ಅವ್ವ ಅಂಗಳದ ಅಂಚಿನಲ್ಲಿ ನಿಂತಳು.

“ಸಾಹೇಬ್ರ, ನಮ್ಮದೂ ಒಂದ ಮನಿ ಐತ್ರಿ ನಿಮ್ಮ ಯಾದ್ಯಾಗ.”

ಮಾತು ಎಲ್ಲಿಂದ ಬಂತೆಂದು ರಾಯರು ಸುತ್ತ ನೋಡಿದರು. “ಯಾವ ಓಣಿ?”

ಅವ್ವ ಹೇಳಿದಳು.

ರಾಯರು ಕೈಗಡಿಯಾರ ನೋಡಿಕೊಂಡರು. “ಊಟಾ ಆದ ಮ್ಯಾಲ ಬರ್ತೀನಿ,” ಅಂದರು. ಮತ್ತೆ ಏನೋ ಯೋಚಿಸಿ, ಸಾವ್ಕಾರರ ಕಡೆ ತಿರುಗಿದರು. “ಬ್ಯಾಡ್ರಿ, ಅದನ್ನ ಮೊದಲ ಮುಗಿಸಿ ಬಿಡ್ತೀನಿ. ಆಮ್ಯಾಲ ನಿಮ್ಮಲ್ಲೆ ಸ್ನಾನಾ ಮಾಡಿ ಊಟಕ್ಕ ಕೂತರಾತು.”

“ನೀರ ಕಾಯಸ್ಲಿಕ್ಕ ಹೇಳ್ತೀನಿ,” ಅಂದರು ಸಾವ್ಕಾರರು.

ಇಬ್ಬರೂ ಧ್ವನಿ ಏರಿಸಲಿಲ್ಲ, ಇಳಿಸಲೂ ಇಲ್ಲ. ನಾವು ಕೇಳಿಸಿಕೊಳ್ಳುವಷ್ಟು ಹತ್ತಿರವಿದ್ದೆವು ಎಂಬುದು ಅವರಿಗೆ ಲೆಕ್ಕಕ್ಕೇ ಬರಲಿಲ್ಲ. ಗೋಡೆಯ ಮುಂದೆ ಯಾರೂ ಪಿಸುಗುಟ್ಟುವುದಿಲ್ಲ.

ರಾಯರು ನಮ್ಮ ಬಾಗಿಲ ಮುಂದೆ, ಓಣಿಯ ನಡುವೆ ನಿಂತರು. ಮೂಗಿಗೆ ಕರವಸ್ತ್ರ ಹಿಡಿಯಲಿಲ್ಲ. ಅಷ್ಟು ಸೌಜನ್ಯ ಅವರಲ್ಲಿತ್ತು. ಅಳತೆ ಟೇಪಿನ ಡಬ್ಬಿಯನ್ನು ಬಗ್ಗಿ ನೆಲದ ಮೇಲಿಟ್ಟು ಹಿಂದೆ ಸರಿದರು. ನಾನು ಎತ್ತಿಕೊಂಡೆ.

“ಒಳಗ ಬರ್ರಿ ಸಾಹೇಬ್ರ,” ಅಂದಳು ಅವ್ವ. “ನಡುವಿನ ಗ್ವಾಡಿ ಪೂರಾ ಹೋಗೈತಿ. ಹಿಂದಿಂದು ಇವತ್ತೊ ನಾಳಿಗೊ ಬೀಳ್ತೈತಿ.”

“ಇಲ್ಲಿಂದನ ಕಾಣತದ ಬಾಯಿ.”

“ಬಾಗಲಾ ಅಡ್ಡ ಐತಲ್ರಿ.”

“ನೀವು ಅಳದ ಹೇಳ್ರಿ. ನಾ ಬರಕೋತೀನಿ.”

ನಾನೂ ಅವ್ವನೂ ಕಲ್ಲಿನ ಗುಡ್ಡೆ ಹತ್ತಿ ಇಳಿದು ಅಳೆದೆವು. ಟೇಪು ತಗಡಿಗೆ ಸಿಕ್ಕಿಕೊಂಡಿತು. ಬಿಡಿಸಲು ಹೋದಾಗ ತಗಡು ಅವ್ವನ ಮೊಣಕೈ ಕೊಯ್ದಿತು. ನಾನು ಒಳಗಿನಿಂದ ಅಳತೆ ಕೂಗುತ್ತಿದ್ದೆ. ಹೊರಗಿನಿಂದ “ಹೂಂ, ಮುಂದ,” ಎಂಬ ಧ್ವನಿ ಬರುತ್ತಿತ್ತು. ಅವರು ಎಲ್ಲ ಬರೆದುಕೊಳ್ಳುತ್ತಿದ್ದಾರೆ ಎಂದೇ ನಾನು ತಿಳಿದೆ.

ಹೊರಗೆ ಬಂದಾಗ ರಾಯರು ನನ್ನನ್ನು ಕೇಳಿದರು. “ಎಷ್ಟು ಓದೀದೀ?”

“ಬಿ.ಎ. ರಿ.”

“ನೌಕರಿ?”

“ಇಲ್ರಿ.”

“ಯಾಕ, ನಿಮಗ ಮೀಸಲಾತಿ ಅದಲ್ಲ.” ತಮಾಷೆಯ ಹಾಗೆ ಅಂದು, ಅವ್ವನ ಕಡೆ ತಿರುಗಿದರು. “ಕಲ್ಲು ಕೊಂಡಿದ್ದಕ್ಕ ಪಾವತಿ ಚೀಟಿ ಅದ ಏನು?”

“ಕೊಂಡಿಲ್ರಿ. ಹೊತ್ತ ತಂದೀವಿ.”

“ಗೌಂಡಿ ಮಜೂರಿ?”

“ನನ್ನ ಗಂಡ ಕಟ್ಯಾನ್ರಿ.”

“ಬಿಗಾರಿ?”

“ನಾನ ಬಿಗಾರಿ.”

“ಅಂದ್ರ ಖರ್ಚ ಆಗಿಲ್ಲ.” ರಾಯರು ಏನೋ ಗೀಟು ಹಾಕಿದರು.

ಅವ್ವ ತನ್ನ ಕೈ ನೋಡಿಕೊಂಡಳು. ಮೊಣಕೈಯಿಂದ ರಕ್ತ ಇಳಿಯುತ್ತಿತ್ತು. ರಾಯರು ಟೇಪನ್ನು ಕರವಸ್ತ್ರದಿಂದ ಎತ್ತಿಕೊಂಡು, ನೀರು ಕಾಯುತ್ತಿದ್ದ ಮನೆಗೆ ಹೋದರು.

ಆಮೇಲೆ ಒಂದು ಪತ್ರ ಬಂತು. ಸೊಲ್ಲಾಪುರದ ವಿಮಾ ಕಚೇರಿಗೆ ಬಂದು ಹಣ ತೆಗೆದುಕೊಂಡು ಹೋಗಬೇಕು ಎಂದು. ಅವ್ವ ಬೆಳಗಿನ ಬಸ್ಸಿಗೇ ಹೊರಟಳು. ತಲೆಗೆ ಎಣ್ಣೆ ಹಚ್ಚಿಕೊಂಡಿದ್ದಳು. ಬಸ್ಸಿನಲ್ಲಿ ನನಗೆ ಒಂದೇ ಮಾತು ಹೇಳಿದಳು: ಹಿಂದಿನ ಗೋಡೆಗೆ ಈ ಸಲ ಸಿಮೆಂಟು ಹಾಕಿಸೋಣ.

ಕಚೇರಿ ಮೊದಲ ಮಹಡಿಯಲ್ಲಿತ್ತು. ಉಜ್ವಲಾ ಎಂಬ ಅಧಿಕಾರಿ ಇದ್ದರು. ನಮಗೆ ಕುರ್ಚಿ ತೋರಿಸಿದರು. ಅವ್ವ ನೆಲದ ಮೇಲೆ ಕೂರಲು ಹೋದಾಗ “ವರ ಬಸಾ, ಮ್ಯಾಲ ಕೂಡ್ರಿ,” ಎಂದು ಮರಾಠಿ ಕನ್ನಡ ಎರಡರಲ್ಲೂ ಹೇಳಿದರು. ಒಳ್ಳೆಯ ಹೆಂಗಸು. ಒಳ್ಳೆಯವರ ಕೈಯಿಂದಲೇ ಇಂಥ ಕಾಗದಗಳನ್ನು ಕೊಡಿಸುತ್ತಾರೆ.

ಇಂಗ್ಲಿಷಿನ ಒಂದು ಹಾಳೆ ನನ್ನ ಮುಂದಿಟ್ಟರು. ನಾನು ಓದಿದೆ. ಕೊನೆಯ ಅಂಕಿ ನೋಡಿ ಮತ್ತೊಮ್ಮೆ ಮೇಲಿನಿಂದ ಓದಿದೆ. ಆ ಹಣಕ್ಕೆ ಒಂದು ಬಾಗಿಲು ಬರುತ್ತಿತ್ತು. ಗೋಡೆ ಬರುತ್ತಿರಲಿಲ್ಲ. ನಮ್ಮಲ್ಲಿ ಉಳಿದಿದ್ದದ್ದು ಬಾಗಿಲೊಂದೇ.

“ಏನಂತ?” ಅಂದಳು ಅವ್ವ.

ನಾನು ಹೇಳಿದೆ. ಅವ್ವ ಉಜ್ವಲಾ ಅವರ ಮುಖ ನೋಡಿದಳು.

“ಕಲ್ಯಾಣಪ್ಪ ಸಾವ್ಕಾರ್ರಿಗೆ ಹೊಸಾ ಮನಿ ಖರ್ಚ ಹಿಡದಾರ್ರಿ. ನಾ ಅಲ್ಲೇ ಇದ್ದೆ.”

“ಅವರದು ತಿ ಪಾಲಿಸಿ ವೇಗಳಿ, ಬ್ಯಾರೆ ಅದ ಬಾಯಿ. ನಿಮ್ಮ ಬ್ಯಾಂಕ ತಗೊಂಡದ್ದು ಸ್ವಸ್ತಾದ್ದು, ಅಗ್ಗದ್ದು. ಇದ್ದ ಮನಿ ಬೆಲಿ ಅಷ್ಟ.”

“ಇದ್ದ ಮನಿ ಬೆಲಿ ಅಂದ್ರೇನ್ರಿ?”

“ಬೀಳೂಕಿಂತ ಒಂದ ನಿಮಿಷ ಮೊದಲ ನೀವು ಅದನ್ನ ಮಾರಿದ್ರ ಎಷ್ಟ ಬರ್ತಿತ್ತು, ಅದು.”

“ನಮ್ಮ ಓಣ್ಯಾಗಿನ ಮನಿ ಯಾರ ಕೊಳ್ತಿದ್ರವ್ವಾ?”

ಉಜ್ವಲಾ ಪೆನ್ನು ತಿರುವುತ್ತ ಕೂತರು. “ಅದಕ್ಕ ಕಡಿಮಿ ಬಂದದ,” ಅಂದರು.

ಅದರ ಮೇಲೆ ಮನೆಗೆ ವಯಸ್ಸಾಗಿತ್ತು ಎಂದು ಒಂದಷ್ಟು ಕಳೆದಿದ್ದರು. ಸಾವ್ಕಾರರ ಕಂಬಕ್ಕೂ ವಯಸ್ಸಾಗಿತ್ತು. ಅಲ್ಲಿ ವಯಸ್ಸು ಬೆಲೆ ಏರಿಸಿತು, ಇಲ್ಲಿ ಇಳಿಸಿತು. ಕೂಲಿಯ ಮುಂದೆ ‘ಇಲ್ಲ’ ಎಂದು ಬರೆದಿತ್ತು. ಕೆಳಗೆ ಇನ್ನೊಂದು ಸಾಲು. ಅದನ್ನು ನಾನು ಕನ್ನಡದಲ್ಲಿ ಓದಿ ಹೇಳಿದೆ: ಒಳಗಿನ ಹಾನಿ ಕಂಡುಬಂದಿಲ್ಲ.

“ಯಾರಿಗಿ ಕಂಡಿಲ್ಲಂತ?”

“ಸರ್ವೇಯರ್‌ಗೆ.”

“ನಾವು ಅಳದ ಹೇಳಿದ್ದು?”

“ಅದು ಹಾಳ್ಯಾಗ ಇಲ್ಲವ್ವಾ.”

ಅವ್ವ ಹಾಳೆಯ ಸಾಲುಗಳನ್ನು ಬೆರಳಿನಿಂದ ಒಂದೊಂದಾಗಿ ಎಣಿಸಿದಳು; ಕಳೆದ ಲೆಕ್ಕದಲ್ಲಿ ನಾನು ಓದಿ ಹೇಳದ ಸಾಲು ಇನ್ನೂ ಒಂದು ಉಳಿದಿತ್ತು.

ಉಜ್ವಲಾ ಮಸಿಯ ಡಬ್ಬಿ ತೆರೆದು ಮುಂದಿಟ್ಟರು. “ಇಲ್ಲಿ ಅಂಗಠಾ ಒತ್ತರಿ. ಪೂರ್ತಿ ಮುಟ್ಟಿತು, ಇನ್ನ ಮುಂದ ಏನೂ ತಕರಾರಿಲ್ಲ ಅಂತ.”

ಅವ್ವ ಹೆಬ್ಬೆರಳನ್ನು ಮಸಿಗೆ ಒತ್ತಿದಳು. ಎತ್ತಿದಳು. ಕಾಗದದ ಮೇಲೆ ತಂದು ಅಲ್ಲೇ ಹಿಡಿದಳು.

“ಇದೊಂದ ಸಾಲ ಉಳೀತಲ್ಲ. ಇದೇನ ಕಳದೀರಿ?”

“ಅದು ಅವಶೇಷ. ಬಿದ್ದ ಕಲ್ಲು, ತಗಡು ನಿಮ್ಮ ಹತ್ರನ ಉಳೀತಲ್ಲ. ಅದರ ಕಿಮ್ಮತ್ತು ಕಳೀಬೇಕು.”

“ಗ್ವಾಡ್ಯಾಗ ಇದ್ದಾಗ ಆ ಕಲ್ಲಿಗೆ ಪಾವತಿ ಇಲ್ಲ, ಬೆಲಿ ಇಲ್ಲ ಅಂದ್ರಿ.”

“ಹೌದು.”

“ಬಿದ್ದ ಮ್ಯಾಲ ಬೆಲಿ ಬಂತು. ಪಾವತಿ ಯಾರ ಕೊಟ್ರು, ಭೂಕಂಪ ಕೊಟ್ಟಿತೇನ್ರಿ?”

ಪಕ್ಕದ ಮೇಜಿನ ಗುಮಾಸ್ತ ಕೆಮ್ಮಿದ. ಅದು ನಗು.

“ನಿಯಮ ಹಂಗ ಅದ ಬಾಯಿ,” ಅಂದರು ಉಜ್ವಲಾ. “ನಿಮಗ ಬ್ಯಾಡಂದ್ರ ಅವಶೇಷಾ ಕಂಪನಿಗೆ ಒಪ್ಪಿಸಬಹುದು. ಆವಾಗ ಅಷ್ಟ ಕಳಿಯೂದಿಲ್ಲ.”

ಹೋಗಿ ಬರ್ರಿ ಎಂದು ನೆಂಟರಿಗೆ ಹೇಳುವ ಹಾಗೆ ಹೇಳಿದರು. ಎಲ್ಲರಿಗೂ ಹೇಳುತ್ತಿದ್ದರು ಎಂದು ಕಾಣುತ್ತದೆ. ಯಾರೂ ಅದನ್ನು ಮಾತು ಎಂದು ತಿಳಿದಿರಲಿಲ್ಲ. ಅವ್ವ ತಿಳಿದಳು.

“ಹಂಗಾರ ಒಪ್ಪಸ್ತೀನಿ.” ಬೆರಳಿನ ಮಸಿಯನ್ನು ಮುಂಗೈಗೆ ಒರೆಸಿಕೊಂಡು ಎದ್ದಳು.

ಮರುದಿನ ಅವ್ವ ಮುಂದಿನ ಗೋಡೆಯನ್ನು ಕೆಡವಲು ಶುರು ಮಾಡಿದಳು. ಭೂಕಂಪಕ್ಕೆ ಆಗದಿದ್ದದ್ದನ್ನು ಹಾರೆಯಿಂದ ಮಾಡಿದಳು. ಮೊದಲು ಬಾಗಿಲು ಕಳಚಿ ಸಮಾಜ ಮಂದಿರಕ್ಕೆ ಒರಗಿಸಿದಳು. ನೆರೆಮನೆಯ ಸಾವಿತ್ರಿಬಾಯಿ ಬಾಯಿಗೆ ಸೆರಗು ಇಟ್ಟುಕೊಂಡು ಬಂದಳು.

“ತುಳಜವ್ವ, ತಲಿ ಕೆಟ್ಟೈತೇನ ನಿನಗ? ನಿಂತ ಮನಿ ಕೆಡವಾಕತ್ತೀದಿ.”

“ಮನಿ ಎಲ್ಲೈತಿ. ಇದು ಅವಶೇಷ.”

“ಹಂಗಂದ್ರೇನ?”

“ಮೇಡಂನ ಕೇಳು.”

“ಬಿದ್ದ ಮ್ಯಾಲ ಬೆಲಿ ಬರೂದು,” ಅಂದೆ ನಾನು.

“ಹಂಗಾರ ನನ್ನ ಗಂಡನೂ ಅವಶೇಷನ ಅನ್ನು. ದಿನಾ ಸಂಜೀಕ ಬೀಳ್ತಾನ. ಬೆಲಿ ಮಾತ್ರ ಇನ್ನಾ ಬಂದಿಲ್ಲ.” ಸಾವಿತ್ರಿಬಾಯಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಒಂದು ಕಲ್ಲು ಎತ್ತಿದಳು. “ಎಲ್ಲಿ ಹಾಕೂದ ಹೇಳು.”

ಓಣಿಯ ಬಿಗಾರಿ ಹೆಂಗಸರೆಲ್ಲ ಬಂದರು. ಸಿದ್ದಣ್ಣ ನಮ್ಮವನೇ. ಸೊಲ್ಲಾಪುರದ ಹತ್ತಿರದ ಚಿಂಚೋಳಿ ಎಂಐಡಿಸಿಯ ಕಾರಖಾನೆಗಳಿಂದ ಅಕ್ಕಲಕೋಟೆಯ ಅಂಗಡಿಗಳಿಗೆ ಟೆಂಪೊದಲ್ಲಿ ಮಾಲು ತರುತ್ತಾನೆ. ಹೋಗುವಾಗ ಗಾಡಿ ಖಾಲಿ. “ಖಾಲಿ ಹೋಗೂದಕ್ಕಿಂತ ಮನಿ ತುಂಬ್ಕೊಂಡ ಹೋದ್ರಾತ ಬಿಡ ಯಕ್ಕಾ,” ಅಂದ. ಹಿಡಿಸುವಷ್ಟು ಕಲ್ಲು ತುಂಬಿದೆವು. ಮಡಚಿದ ತಗಡು ಮೇಲೆ ಹಾಕಿದೆವು. ಅದರ ಮೇಲೆ ನಾವು ಕೂತೆವು. ಉಳಿದ ಕಲ್ಲು ಎರಡನೆಯ ಸರತಿಗೆ ಎಂದು ಓಣಿಯವರು ಹಿತ್ತಲಿಗೆ ಸಾಗಿಸತೊಡಗಿದರು.

ವಿಮಾ ಕಚೇರಿಯ ಮೆಟ್ಟಿಲು ಅಗಲವಾಗಿದ್ದವು. ಬಿಗಾರಿಗಳಿಗೆ ಇಂಥ ಮೆಟ್ಟಿಲು ಸಿಗುವುದು ಅಪರೂಪ. ಬಿದಿರಿನ ಅಟ್ಟಣಿಗೆ ಹತ್ತಿದ ಕಾಲುಗಳಿಗೆ ಅದು ಹಬ್ಬ. ಕಾವಲಿನವನು ಕೇಳಿದಾಗ ಸಾವಿತ್ರಿಬಾಯಿ “ಕಂಪನಿ ಮಾಲು,” ಅಂದಳು. ಬುಟ್ಟಿ ಹೊತ್ತವರನ್ನು ಯಾವ ಕಟ್ಟಡದಲ್ಲೂ ಯಾರೂ ಎರಡು ಸಲ ಕೇಳುವುದಿಲ್ಲ. ಅವನು ಬಾಗಿಲು ಹಿಡಿದು ನಿಂತ.

ಕೌಂಟರಿನ ಮುಂದಿನ ನುಣುಪು ಫರಸಿಯ ಮೇಲೆ ನಮ್ಮ ಗೋಡೆ ಬೆಳೆಯತೊಡಗಿತು. ಕೆಲವು ಕಲ್ಲಿಗೆ ಇನ್ನೂ ಅಡುಗೆ ಕೋಣೆಯ ಮಸಿ ಅಂಟಿತ್ತು. ಪಾಲಿಸಿ ಕಟ್ಟಲು ಬಂದಿದ್ದವರೊಬ್ಬರು ಕುರ್ಚಿ ಸಿಗದೆ ನಮ್ಮ ಒಂದು ಕಲ್ಲಿನ ಮೇಲೆ ಕೂತು ಪೇಪರು ಬಿಚ್ಚಿದರು.

ಉಜ್ವಲಾ ಎದ್ದು ನಿಂತಿದ್ದರು. ಒಳಗಿನಿಂದ ಮ್ಯಾನೇಜರು ಬಂದರು. “ಹೇ ಕಾಯ ಚಾಲಲಯ?” ಇದೇನು ನಡೆದಿದೆ ಎಂದು ಮರಾಠಿಯಲ್ಲಿ ಕೇಳಿದರು.

“ಅವಶೇಷಾ ತಂದೀವ್ರಿ,” ಅಂದಳು ಅವ್ವ. “ಎಣಿಸಿ ಪಾವತಿ ಕೊಡ್ರಿ. ಇನ್ನೊಂದು ಗಾಡಿ ಬರೂದೈತಿ.”

ಮ್ಯಾನೇಜರಿಗೆ ಕನ್ನಡ ಬರುತ್ತಿತ್ತು. ಉಜ್ವಲಾ ಎಲ್ಲ ತಿಳಿಸಿ ಹೇಳಿದರು. ಅವರು ತಲೆ ಹಿಡಿದುಕೊಂಡರು.

“ಬಾಯಿ, ಒಪ್ಪಿಸೂದು ಅಂದ್ರ ಕಾಗದದ ಮ್ಯಾಲ.”

“ನಮ್ಮದು ಕಾಗದದ ಮ್ಯಾಲ ಏನೂ ನಿಂದರೂದಿಲ್ಲಂತ ನೀವ ಬರದೀರಲ್ರಿ.”

“ಈ ನೆಲಾ ಇಷ್ಟ ಭಾರ ತಡಿಯೂದಿಲ್ಲ. ಕೆಳಗ ಬ್ಯಾಂಕ ಅದ.”

“ಅವರದೂ ಒಳಗಿನ ಹಾನಿ ಕಾಣೂದಿಲ್ಲ ಬಿಡ್ರಿ,” ಅಂದಳು ಸಾವಿತ್ರಿಬಾಯಿ, ಬುಟ್ಟಿ ಸುರಿಯುತ್ತ.

ಮ್ಯಾನೇಜರು ಧ್ವನಿ ಬದಲಿಸಿದರು. “ಆಯ್ತು. ಇದನ್ನೆಲ್ಲಾ ಕೆಳಗ ಇಳಸ್ರಿ. ಕೂಲಿ ಕೊಡ್ತೀನಿ. ಎಲ್ಲಾರಿಗೂ. ಎಷ್ಟ ಕೇಳ್ತೀರಿ ಅಷ್ಟ.”

ಹೆಂಗಸರು ನಿಂತರು. ಖಾಲಿ ಬುಟ್ಟಿಗಳು ಕೈಯಲ್ಲಿದ್ದವು. ಅವರಲ್ಲಿ ಯಾರ ಮನೆಯಲ್ಲಿ ಸಂಜೆಗೆ ಹಿಟ್ಟು ಇತ್ತು, ಯಾರ ಮನೆಯಲ್ಲಿ ಇರಲಿಲ್ಲ ಎಂದು ನನಗೆ ಗೊತ್ತಿತ್ತು. ಕೂಲಿ ಎಂಬ ಮಾತು ಬಿದ್ದ ಮೇಲೆ ಅವರು ಕದಲದೆ ನಿಂತದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಅವ್ವನನ್ನೂ ನೋಡಿದೆ. ಸಿಂಬಿಯನ್ನು ತಲೆಯಿಂದ ತೆಗೆದು, ಬಿಚ್ಚಿ, ಬಟ್ಟೆಯನ್ನು ಝಾಡಿಸಿ ಹೆಗಲಿಗೆ ಹಾಕಿಕೊಂಡಳು.

“ಹುಟ್ಟಿದಾಗಿಂದ ಹೇಳಿದ್ದು ಹೊತ್ತೀನ್ರಿ. ಇದನ್ನ ಹೊರೂದಿಲ್ಲ.”

“ಮತ್ತೇನ ಬೇಕ ನಿನಗ?”

“ಒಳಗ ಬಂದ ನೋಡ್ರಿ. ಕಂಡಿಲ್ಲಂತ ಬರದೀರಿ. ಕಾಣೂಹಂಗ ಬರ್ರಿ. ನೋಡಿ, ನಮ್ಮದೊಂದು ಮನಿ ಇತ್ತು, ಇಷ್ಟ ಬಿದ್ದೈತಿ ಅಂತ ಬರೀರಿ. ಅವತ್ತ ನಾನ ಬಂದು ಇಳಸ್ತೀನಿ, ಬಿಟ್ಟಿ.”

ಮ್ಯಾನೇಜರು ಹಾಳೆ ತರಿಸಿ ಓದಿದರು. “ಪ್ರಹ್ಲಾದರಾವ್ ಒಳಗ ಹೋಗೇ ಇಲ್ಲೇನು?”

ಉಜ್ವಲಾ ಮೇಜಿನ ಮೇಲೆ ಇಲ್ಲದ ಏನನ್ನೋ ಹುಡುಕಿದರು. ಗುಮಾಸ್ತ ಕೆಮ್ಮಲೂ ಇಲ್ಲ. ಮ್ಯಾನೇಜರಿಗೆ ಉತ್ತರ ಸಿಕ್ಕಿತು. ಅವರು ಕೇಳಿದ್ದನ್ನು ಮತ್ತೆ ಕೇಳಲಿಲ್ಲ. ಫೋನು ಎತ್ತಿದರು.

ಅದೇ ವಾರ ಪ್ರಹ್ಲಾದರಾಯರು ಬಂದರು. ಅಕ್ಕಲಕೋಟೆಯ ನಿಲ್ದಾಣದಿಂದ ನೆಟ್ಟಗೆ ನಮ್ಮ ಓಣಿಗೆ. ಈ ಸಲ ದಾರಿಯಲ್ಲಿ ಅವಲಕ್ಕಿ ಆಗಿರಲಿಲ್ಲ, ಮುಖದಲ್ಲೇ ಗೊತ್ತಾಗುತ್ತಿತ್ತು.

ಅಷ್ಟರಲ್ಲಿ ಓಣಿಯವರು ಉಳಿದ ಕಲ್ಲನ್ನೆಲ್ಲ ಹಿತ್ತಲಿಗೆ ಸಾಗಿಸಿ ಗುಡ್ಡೆ ಹಾಕಿದ್ದರು. ಬುನಾದಿಯ ಗೆರೆಯೂ ಮಣ್ಣಿನಲ್ಲಿ ಮುಚ್ಚಿಹೋಗಿತ್ತು. ಓಣಿ ಎಲ್ಲಿ ಮುಗಿಯಿತು, ಮನೆ ಎಲ್ಲಿ ಶುರುವಾಯಿತು ಎಂದು ಹೊರಗಿನವರಿಗೆ ಹೇಳಲು ಬರುತ್ತಿರಲಿಲ್ಲ. ನಮಗೆ ಬರುತ್ತಿತ್ತು. ನಾನು ಬೇಡ ಬೇಡವೆಂದರೂ ಅವ್ವ ದಿನಾ ಬೆಳಿಗ್ಗೆ ಆ ಬಯಲು ನೆಲವನ್ನು ಸಗಣಿಯಿಂದ ಸಾರಿಸುತ್ತಿದ್ದಳು.

ಆ ದಿನ ಮೇಲಿನ ಓಣಿಯವರು ಗಟಾರ ತೆರೆದು ಬಿಟ್ಟಿದ್ದರು. ಕಪ್ಪು ನೀರು ನಮ್ಮ ಓಣಿಯ ತುಂಬ ಹರಿಯುತ್ತಿತ್ತು. ರಾಯರು ಧೋತರ ಎತ್ತಿ ಹಿಡಿದು, ನೀರು ದಾಟುತ್ತ, ಕಾಲಿಡಲು ಒಣಗಿದ್ದೊಂದು ಜಾಗ ಹುಡುಕಿದರು. ನಾಲ್ಕು ಹೆಜ್ಜೆ ಈ ಕಡೆ ನೆಲ ಸ್ವಚ್ಛವಾಗಿತ್ತು. ಅಲ್ಲಿ ಬಂದು ನಿಂತರು. ಚೀಲದಿಂದ ಹಾಳೆ ತೆಗೆದರು.

ಓಣಿಯೆಲ್ಲ ಬಂದು ಸುತ್ತ ನಿಂತಿತು.

“ಎಲ್ಲಿ ನಿಮ್ಮ ಮನಿ?” ಅಂದರು ರಾಯರು.

ಅವ್ವ ಅವರ ಕಾಲು ನೋಡಿದಳು.

“ಬಾಯಿ, ನಾ ಇಲ್ಲೇ ನಿಂದರ್ತೀನಿ. ಎಲ್ಲೆಲ್ಲಿ ಏನೇನ ಇತ್ತು, ನೀವು ಹೇಳ್ರಿ. ಒಳಗ ಬರೂದು ನನಗ ಜರೂರ ಇಲ್ಲ.”

“ಸಾಹೇಬ್ರ,” ಅಂದಳು ಅವ್ವ. ಕೂಸಿಗೆ ಹೇಳುವಷ್ಟು ಮೆಲ್ಲಗೆ ಹೇಳಿದಳು. “ನೀವು ನಿಂತದ್ದು ಅಡಗಿ ಮನಿ. ಅಡಗಿ ಮನ್ಯಾಗ ಚಪ್ಪಲಿ ಹಾಕ್ಕೊಂಡ ನಿಂತೀರಿ.”

ಕಾಲುಗಳು ರಾಯರನ್ನು ಕೇಳಲಿಲ್ಲ. ಬಲಗಾಲು ಚಪ್ಪಲಿ ಬಿಟ್ಟಿತು. ಎಡಗಾಲೂ ಬಿಟ್ಟಿತು. ಹುಟ್ಟಿನಿಂದ ಕಲಿತ ಮಡಿ ಅದು, ಯೋಚನೆಗಿಂತ ಬೇಗ ಓಡುತ್ತದೆ. ಅದು ಯಾರ ಅಡುಗೆ ಮನೆ ಎಂದು ಅವರಿಗೆ ಹೊಳೆಯುವಷ್ಟರಲ್ಲಿ ಅವರು ನಮ್ಮ ಒಲೆಯ ಪಕ್ಕ ಬರಿಗಾಲಲ್ಲಿ ನಿಂತಿದ್ದರು.

ಅವರು ಹಿಂದೆ ನೋಡಿದರು. ಹೊರಗೆ ಹೋಗಲು ಬಾಗಿಲು ಇರಲಿಲ್ಲ.

“ಅದು ಒಲಿ,” ಅಂದಳು ಅವ್ವ. “ಅಲ್ಲಿ ನಡುವಿನ ಗ್ವಾಡಿ ಇತ್ತು. ಅದರಾಚೆ ನಾವು ಮಲಗೂ ಖೋಲಿ. ಹಿಂಗ ಬರ್ರಿ, ತೋರಸ್ತೀನಿ. ಕಾಣ್ತೈತಲ್ರಿ? ಬರಕೋರಿ.”